ಕಾತ್ರಜ ಘಾಟಿಗೆ ನಾಲ್ಕು ಪ್ಲಗ್ಗು

ಭವಾನಿ ಪೇಠ, ಪುಣೆ
ತಾ. ೧೨ ಸೆಪ್ಟೆಂಬರ್ ೧೯೩೮

ಚಿರಂಜೀವಿ ರಾಮಲಿಂಗನಿಗೆ ಅವ್ವನ ಆಶೀರ್ವಾದ. ನಾನು ಕ್ಷೇಮ. ನೀನೂ ಸೊಸೆಯೂ ಹುಬ್ಬಳ್ಳಿಯಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ನಿನ್ನ ಪತ್ರ ಮೊದಲ ಸಲ ಓದಿದಾಗ ಸಿಟ್ಟು ಬಂತು, ಎರಡನೆಯ ಸಲ ಓದಿದಾಗ ನಗು ಬಂತು. ಈಗ ಬರೆಯುತ್ತಿರುವುದು ನಗು ಬಂದ ಮೇಲೆ, ಆದ್ದರಿಂದ ಹೆದರದೆ ಓದು. ಅಪ್ಪ ಹೋಗಿ ವರ್ಷವಾಯಿತು, ಇನ್ನು ಆ ಹಳೇ ಮೋಟಾರನ್ನೂ ಅಂಗಡಿಯನ್ನೂ ಬೆಳಗಾವಿಯ ಕಾಕಾನಿಗೆ ಒಪ್ಪಿಸಿ, ಹುಬ್ಬಳ್ಳಿಗೆ ಬಂದು ನಮ್ಮ ಜೊತೆ ಸುಖವಾಗಿ ಇರು ಎಂದು ಬರೆದಿದ್ದೀ. ಆ ಸುಖ ಎಂಥದ್ದೆಂದು ನನಗೆ ಗೊತ್ತಿಲ್ಲವೇ? ರೇಲ್ವೆ ಕ್ವಾರ್ಟರ್ಸಿನ ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುವುದು, ಯಾರಾದರೂ ಬಂದರೆ ಎದ್ದು ಒಳಗೆ ಹೋಗುವುದು. ನನ್ನ ಕೈಕಾಲು ಗಟ್ಟಿ ಇವೆ. ಅವು ಬೀಳುವ ತನಕ ಆ ಸುಖ ನನಗೆ ಬೇಡ.

ನಾನು ಬೀದಿಯಲ್ಲಿ ಮೋಟಾರು ನಡೆಸುತ್ತೇನೆಂದು ಯಾರೋ ಹೇಳಿದರಂತೆ, ನಿನಗೆ ತಲೆ ತಗ್ಗಿಸುವಂತಾಯಿತಂತೆ. ಹೇಳಿದವರು ಸುಳ್ಳು ಹೇಳಿಲ್ಲ. ವಾರಕ್ಕೆರಡು ಸಲ ಖಡಕಿಗೆ ಹೋಗಿ ಪಲ್ಟನ್ನಿನ ಮೆಸ್ಸುಗಳಿಗೆ ನಮ್ಮ ಅಂಗಡಿಯ ಬ್ಯಾಡಗಿ ಮೆಣಸಿನಕಾಯಿ, ಬೆಲ್ಲದ ಮಾದರಿ ತೋರಿಸಿ ಬರುತ್ತೇನೆ. ನಡೆಸುವುದನ್ನು ಕಲಿಸಿದವರು ನಿಮ್ಮಪ್ಪನೇ. ಖಡಕಿಯ ಕವಾಯತು ಮೈದಾನದ ಹಿಂದಿನ ರಸ್ತೆಯಲ್ಲಿ, ಸೋಲ್ಜರುಗಳು ನಿಂತು ನಗುತ್ತಿದ್ದರೂ ಬಿಡದೆ ಕಲಿಸಿದರು. ಲೈಸೆನ್ಸೂ ಇದೆ.

ಖಡಕಿಯ ಗಿರಾಕಿ ಇರುವುದರಿಂದ ಅಂಗಡಿ ನಿಂತಿದೆ, ಮೋಟಾರು ಇರುವುದರಿಂದ ಆ ಗಿರಾಕಿ ಇದೆ. ಮೋಟಾರು ಹೋದರೆ ಅಂಗಡಿ ಹೋಯಿತು, ಅಂಗಡಿ ಹೋದರೆ ನಾನು ಬೆಳ್ಳುಳ್ಳಿಯ ಮುಂದೆ. ಇಷ್ಟು ತಿಳಿದುಕೊಂಡು ಮುಂದಿನ ಪತ್ರ ಬರೆ. ಊರಿನ ಬಾಯಿಗೆ ಮುಚ್ಚಳ ಹುಡುಕುವ ಕೆಲಸ ನನಗೆ ಹಚ್ಚಬೇಡ.

ನಿನ್ನ ಅವ್ವ,
ರುದ್ರವ್ವ


ರೇಲ್ವೆ ಕ್ವಾರ್ಟರ್ಸ್, ಹುಬ್ಬಳ್ಳಿ
ತಾ. ೧೯ ಸೆಪ್ಟೆಂಬರ್ ೧೯೩೮

ತೀರ್ಥರೂಪಳಾದ ಅವ್ವನ ಪಾದಗಳಿಗೆ ರಾಮಲಿಂಗನ ಶರಣು.

ನಿನ್ನ ಪತ್ರ ತಲುಪಿತು. ನೀನು ಎಲ್ಲವನ್ನೂ ತಮಾಷೆಗೆ ತಿರುಗಿಸುತ್ತೀ. ನಾನು ಇಲ್ಲಿ ಹತ್ತು ಜನರ ನಡುವೆ ತಲೆಯೆತ್ತಿ ಕೂತು ಕೆಲಸ ಮಾಡಬೇಕಾದವನು. ನಮ್ಮ ಹೆಡ್ ಕ್ಲರ್ಕ್ ಮೊನ್ನೆ ಎಲ್ಲರೆದುರು, ‘ನಿಮ್ಮ ತಾಯಿ ಪುಣೆಯಾಗ ಟ್ಯಾಕ್ಸಿ ಇಟ್ಟಾರಂತಲ್ಲ, ಖರೇ ಏನ್ರಿ?’ ಎಂದು ಕೇಳಿದರು. ನಾನು ಫೈಲು ಎತ್ತಿಕೊಂಡು ಹೊರಗೆ ಹೋದೆ. ಹಾಗೆ ಹೊರಗೆ ಹೋಗಬೇಕಾದ ಕಷ್ಟ ನಿನಗೆ ಗೊತ್ತಾಗಲಿಕ್ಕಿಲ್ಲ.

ಆ ಮೋಟಾರು ಅಪ್ಪನ ಕೈಯ ವಾಹನ. ಅಪ್ಪ ರುಮಾಲು ಸುತ್ತಿ, ಕರಿ ಕನ್ನಡಕ ಹಾಕಿಕೊಂಡು ಸ್ಟೇರಿಂಗ್ ಹಿಡಿದು ಕೂತರೆ ಭವಾನಿ ಪೇಠದವರೆಲ್ಲ ಎದ್ದು ನಿಲ್ಲುತ್ತಿದ್ದರು. ಆ ಜಾಗದಲ್ಲಿ ಬೇರೆ ಯಾರೇ ಕೂತರೂ ನನಗೆ ಸಹಿಸಲಾಗುವುದಿಲ್ಲ. ನೀನು ಕೂತರೂ ಅಷ್ಟೇ.

ಮೋಟಾರು ಅಂಗಡಿಯ ಹೆಸರಿನಲ್ಲಿದೆ, ಅಂಗಡಿ ಅಣ್ಣತಮ್ಮಂದಿರಿಬ್ಬರದು. ಶಿವಪುತ್ರಪ್ಪ ಕಾಕಾ ಕೇಳುವುದರಲ್ಲಿ ತಪ್ಪೇನಿದೆ? ದಸರೆಗೆ ಅವರು ಪುಣೆಗೆ ಬರುತ್ತಾರೆ. ಅವರ ಜೊತೆ ಜಗಳ ತೆಗೆಯಬೇಡ.

ನಿನ್ನ ಮಗ,
ರಾಮಲಿಂಗಪ್ಪ


ಭವಾನಿ ಪೇಠ, ಪುಣೆ
ತಾ. ೨೯ ಸೆಪ್ಟೆಂಬರ್ ೧೯೩೮

ರಾಮಲಿಂಗಾ, ಆಶೀರ್ವಾದ.

ನಿನ್ನ ಕಾಕಾ ಬಂದಿದ್ದಾನೆ. ಜಗಳ ನಾನು ತೆಗೆಯಲಿಲ್ಲ, ಅವನೇ ಗಂಟು ಕಟ್ಟಿಕೊಂಡು ತಂದಿದ್ದ. ಬಂದವನು ಕೈಕಾಲು ತೊಳೆಯುವ ಮೊದಲೇ ಮೋಟಾರಿನ ಸುತ್ತ ಒಂದು ಸುತ್ತು ಹಾಕಿ, ಬೆಳಗಾವಿಯ ಮನೆಯಲ್ಲಿ ಅದನ್ನು ಎಲ್ಲಿ ನಿಲ್ಲಿಸಬೇಕೆಂದು ನನಗೇ ಹೇಳತೊಡಗಿದ. ನಾನು ಭಕ್ಕರಿ, ಝುಣಕ ಬಡಿಸಿದೆ. ಅವನು ಹೊಟ್ಟೆ ತುಂಬ ಉಂಡು, ಆಮೇಲೆ ಅಂಗಡಿಯ ಕಟ್ಟೆಯ ಮೇಲೆ ಹೋಗಿ ಕೂತ. ಅಕ್ಕಪಕ್ಕದ ವ್ಯಾಪಾರಿಗಳೆಲ್ಲ ಸೇರಿದರು. ಎಲ್ಲರಿಗೂ ಕೇಳುವಂತೆ ಅವನು ಆಡಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ.

‘ವೈನಿ, ಬಯಲಾಗ ಮೋಟಾರು ಯಾರರೆ ನಡಸ್ತಾರ. ಕಾತ್ರಜ ಘಾಟಿ ಹತ್ತಿಸಿ, ಮ್ಯಾಲಿನ ಸುರಂಗದ ಬಾಯಿಗೆ ಮುಟ್ಟಸ್ರಿ ನೋಡೂಣು. ಮುಟ್ಟಿಸಿದ್ರ ಮೋಟಾರೂ ನಿಮ್ದು, ಅಂಗಡೀನೂ ನಿಮ್ದು. ಇಲ್ಲಂದ್ರ ಕೀಲಿ ನನ್ನ ಕೈಯಾಗ ಇಡ್ರಿ.’

ಕಟ್ಟೆಯ ಮೇಲಿದ್ದವರು ನಕ್ಕರು. ಅವರು ನಕ್ಕದ್ದಕ್ಕೇ ನನಗೆ ಹುರುಪು ಬಂತು.

‘ಆತು. ಆದ್ರ ನೀನೂ ಹಿಂದಿನ ಸೀಟಿನ್ಯಾಗ ಕೂಡಬೇಕು. ಯಾರೋ ನೋಡಿ ಹೇಳಿದ್ದು ಬ್ಯಾಡ, ನೀನ ನೋಡಬೇಕು’ ಎಂದೆ.

ವಿಜಯದಶಮಿಯ ದಿನ ಎಂದು ಗೊತ್ತಾಯಿತು. ಅಂದು ಎಲ್ಲರೂ ಸೀಮೆ ದಾಟಿ ಬನ್ನಿ ತರುವ ದಿನ. ನಾನೂ ಸೀಮೆ ದಾಟುತ್ತೇನೆ. ಟ್ಯಾಕ್ಸಿ ಇಟ್ಟಾರೇನು ಎಂದು ಕೇಳಿದ ನಿಮ್ಮ ಹೆಡ್ ಕ್ಲರ್ಕಿಗೆ ಹೇಳು, ಪುಣೆಗೆ ಬಂದರೆ ಸ್ಟೇಶನ್ನಿನಿಂದ ಪುಕ್ಕಟೆ ಕರೆದುಕೊಂಡು ಬರುತ್ತೇನೆ.

ರುದ್ರವ್ವ


ಹುಬ್ಬಳ್ಳಿ
ತಾ. ೮ ಅಕ್ಟೋಬರ್ ೧೯೩೮

ಅವ್ವನಿಗೆ ಶರಣು.

ಹಬ್ಬ ಮುಗಿದು ಇಷ್ಟು ದಿನವಾದರೂ ನಿನ್ನ ಪತ್ರವಿಲ್ಲ. ಕಾಕಾ ಬರೆದಿದ್ದಾರೆ. ಮೋಟಾರು ಮನೆಯಿಂದಲೇ ಕೆಮ್ಮುತ್ತ ಹೊರಟಿತಂತೆ, ಸ್ವಾರಗೇಟ್ ದಾಟುವಷ್ಟರಲ್ಲಿ ಕುಂಟತೊಡಗಿತಂತೆ, ಘಾಟಿಯ ಬುಡದಲ್ಲಿ ಕಾತ್ರಜ ಕೆರೆಯ ಹತ್ತಿರ ನಿಂತೇ ಬಿಟ್ಟಿತಂತೆ. ಕಬ್ಬಿನ ಗಾಡಿಯವನ ಎತ್ತು ಕಟ್ಟಿ ಎಳೆಸಿಕೊಂಡು, ಬನ್ನಿ ಹಿಡಿದುಕೊಂಡು ಹೋಗುವ ಜನರ ನಡುವೆ ಭವಾನಿ ಪೇಠಕ್ಕೆ ತಂದಿರಂತೆ. ನೀನು ಆಗಲೂ ಸ್ಟೇರಿಂಗ್ ಹಿಡಿದೇ ಕೂತಿದ್ದೆಯಂತೆ, ಇಳಿಯಲಿಲ್ಲವಂತೆ.

ಇದನ್ನು ಓದಿ ನಾನು ಊಟ ಮಾಡಲಿಲ್ಲ. ಅಪ್ಪನಿದ್ದಾಗ ಆ ಮೋಟಾರಿಗೆ ಒಮ್ಮೆಯೂ ಎತ್ತು ಕಟ್ಟಿರಲಿಲ್ಲ. ಹೆಂಗಸಿನ ಕೈ ಮುಟ್ಟಿದ ಯಂತ್ರ ಹೀಗೇ ಎಂದು ಕಾಕಾ ಬರೆದಿದ್ದಾರೆ. ನಾನು ಹಾಗೆ ಅನ್ನುವುದಿಲ್ಲ, ಆದರೆ ಅಲ್ಲಗಳೆಯುವುದೂ ಇಲ್ಲ. ಕಾಕಾ ದೀಪಾವಳಿಯ ಮುಂದೆ ಮತ್ತೆ ಬಂದು ಮೋಟಾರು ಒಯ್ಯುತ್ತಾರೆ. ಆಡಿದ ಮಾತು ನಡೆಸು.

ರಾಮಲಿಂಗಪ್ಪ


ಭವಾನಿ ಪೇಠ, ಪುಣೆ
ತಾ. ೧೩ ಅಕ್ಟೋಬರ್ ೧೯೩೮

ಚಿರಂಜೀವಿ ರಾಮಲಿಂಗನಿಗೆ,

ನೀನು ಊಟ ಬಿಟ್ಟದ್ದಕ್ಕೆ ನನಗೆ ನಿಜವಾಗಿಯೂ ಕೆಡುಕೆನಿಸಿತು. ನಾನಂತೂ ಅಂದು ಎರಡು ಹೋಳಿಗೆ ಹೆಚ್ಚಿಗೇ ತಿಂದೆ, ಸಿಟ್ಟಿಗೆ. ಎತ್ತು ಎಳೆಯುವಾಗ ಯಾಕೆ ಇಳಿಯಲಿಲ್ಲವೆಂದರೆ, ಎಳೆಸಿಕೊಳ್ಳುವ ಮೋಟಾರಿಗೂ ದಾರಿ ತೋರಿಸಲು ಒಬ್ಬರು ಸ್ಟೇರಿಂಗ್ ಹಿಡಿದಿರಬೇಕು. ಇದು ನಿನ್ನ ಕಾಕಾನಿಗೆ ಗೊತ್ತಿಲ್ಲ. ಗೊತ್ತಿದ್ದರೂ ಅವನು ಬರೆಯುತ್ತಿರಲಿಲ್ಲ.

ಮೋಟಾರು ಯಾಕೆ ನಿಂತಿತೆಂದು ಈಗ ಕೇಳು. ಖಂಡೇನವಮಿಯ ದಿನ ಅಂಗಡಿಯ ತಕ್ಕಡಿ, ತೂಕದ ಕಲ್ಲು, ಚೀಲ ಹೊಲಿಯುವ ದಬ್ಬಣ, ಮನೆಯ ಈಳಿಗೆ, ಎಲ್ಲ ತೊಳೆದು ದೇವರ ಜಗಲಿಯ ಮುಂದೆ ಸಾಲಾಗಿ ಇಟ್ಟೆ. ವರ್ಷವೆಲ್ಲ ನಮಗಾಗಿ ದುಡಿದ ಸಾಮಾನಿಗೆ ಒಂದು ದಿನ ಕೈ ಮುಗಿಯುವುದು ನಮ್ಮ ಪದ್ಧತಿ. ಮೋಟಾರನ್ನು ಜಗಲಿಯ ಮುಂದೆ ತರಲಾದೀತೇ? ನಿಮ್ಮಪ್ಪ ಇದ್ದಾಗ ಅದಕ್ಕೆ ಹೊರಗೇ ಒಂದು ಹೂವಿನ ಮಾಲೆ ಹಾಕಿ ಮುಗಿಸುತ್ತಿದ್ದರು. ಈ ಸಲ ಮರುದಿನ ಘಾಟಿ ಇತ್ತಲ್ಲ, ನನಗೆ ಭಕ್ತಿ ತುಸು ಹೆಚ್ಚಿಗೇ ಉಕ್ಕಿತು. ಮೋಟಾರಿನ ಜೀವ ಪ್ಲಗ್ಗಿನಲ್ಲಿದೆ ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ನಾಲ್ಕೂ ಪ್ಲಗ್ಗು ಬಿಚ್ಚಿ ಒಳಗೆ ತಂದೆ.

ಪ್ಲಗ್ಗು ನೀನು ನೋಡಿರಲಿಕ್ಕಿಲ್ಲ. ಕಬ್ಬಿಣದ ಕವಚದೊಳಗೆ ಒಂದು ಪಿಂಗಾಣಿಯ ಕಡ್ಡಿ, ಅದರ ತುದಿಗೆ ಎರಡು ತಂತಿ, ನಡುವೆ ಬೆರಳಿನ ಉಗುರಿನ ದಪ್ಪದಷ್ಟು ಸಂದು. ಆ ಸಂದಿನಲ್ಲಿ ಕಿಡಿ ಹಾರಿದರೆ ಪೆಟ್ರೋಲ್ ಉರಿಯುತ್ತದೆ, ಮೋಟಾರು ಓಡುತ್ತದೆ. ಅಷ್ಟು ಕರ್ರಗಾದದ್ದನ್ನು ದೇವರ ಮುಂದೆ ಹೇಗೆ ಇಡುವುದು? ಹುಣಸೆಹಣ್ಣು, ಒಲೆಯ ಬೂದಿ ಹಾಕಿ ತಾಮ್ರದ ಕೊಡ ತಿಕ್ಕಿದಂತೆ ತಿಕ್ಕಿದೆ. ಬೆಳ್ಳಗೆ ಹೊಳೆದವು. ಮೇಲೆ ನೀರಲ್ಲಿ ಕಲಸಿದ ವಿಭೂತಿ ಎಳೆದೆ. ನಿನ್ನ ಕಾಕಾ ಪಕ್ಕದಲ್ಲೇ ಕೂತು, ‘ಇನ್ನಷ್ಟು ಹಚ್ರಿ ವೈನಿ, ದೇವರ ಕೆಲಸದಾಗ ಕಂಜೂಸಿ ಬ್ಯಾಡ’ ಎನ್ನುತ್ತಿದ್ದ. ಆ ಮಾತನ್ನು ಅವನು ನಿನಗೆ ಬರೆದಿಲ್ಲ, ಅಲ್ಲವೇ?

ಮರುದಿನ ಹೊರಗಿನಿಂದ ಒರೆಸಿ ಕೂರಿಸಿದೆ. ಆದರೆ ಕವಚಕ್ಕೂ ಪಿಂಗಾಣಿಗೂ ನಡುವೆ ಒಂದು ಆಳವಾದ ಸಂದಿ ಇರುತ್ತದೆ. ಬೂದಿ, ಹುಳಿ, ವಿಭೂತಿ, ಎಲ್ಲ ಕೆಸರಾಗಿ ಅದರೊಳಗೆ ಕೂತಿತ್ತು. ಕಿಡಿ ತುದಿಗೆ ಹೋಗುವ ಬದಲು ಆ ಕೆಸರಿನಲ್ಲೇ ಇಂಗಿ ಹೋಯಿತು. ಎರಡು ಪ್ಲಗ್ಗು ಉರಿದವು, ಎರಡು ಉರಿಯಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಆಯಿತು. ಬಯಲಿನಲ್ಲಿ ಹೇಗೋ ನಡೆಯಿತು, ಏರು ಬಂದ ಕೂಡಲೇ ನಿಂತಿತು.

ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಎತ್ತು ಬಿಚ್ಚಿದ ಮೇಲೆ ಅಂಗಳದಲ್ಲೇ ಒಂದೊಂದು ಪ್ಲಗ್ಗು ಬಿಚ್ಚಿ, ತಂತಿ ಸಿಕ್ಕಿಸಿ, ಇಂಜಿನ್ನಿನ ಮೈಗೆ ಆನಿಸಿಟ್ಟು ನೋಡಿದೆ. ಅಂಗಡಿಯ ಹಮಾಲ ಮುಂದಿನಿಂದ ಹ್ಯಾಂಡಲ್ ತಿರುಗಿಸಿದ. ಎರಡರ ತುದಿಯಲ್ಲಿ ಕಿಡಿಯೇ ಇಲ್ಲ. ದಬ್ಬಣದಿಂದ ಕೆದಕಿದಾಗ ವಿಭೂತಿ ಹೆಂಟೆಹೆಂಟೆಯಾಗಿ ಉದುರಿತು. ಕೆದಕುವಾಗ ಒಂದರ ಪಿಂಗಾಣಿಯೂ ಸೀಳಿತು, ಇನ್ನು ಅವುಗಳ ಕಥೆ ಮುಗಿಯಿತು.

ಹಾಗಾದರೆ ಕೈಯದೇ ತಪ್ಪು, ಒಪ್ಪುತ್ತೇನೆ. ಅದು ಹೆಂಗಸಿನ ಕೈ ಎಂದಲ್ಲ, ಪೂಜೆಯ ಪಾತ್ರೆ ತೊಳೆದೂ ತೊಳೆದೂ ಅಭ್ಯಾಸವಾದ ಕೈ ಎಂದು. ಅದನ್ನು ಆ ಕೆಲಸಕ್ಕೆ ಹಚ್ಚಿದವರು ನೀವು ಗಂಡಸರೇ. ದೇವರು ಈ ವಿಷಯದಲ್ಲಿ ನಿನ್ನ ಕಾಕಾನ ಕಡೆ ಇಲ್ಲ, ನನ್ನ ಕಡೆಯೂ ಇಲ್ಲ. ಪ್ಲಗ್ಗು ಒಣಗಿರಬೇಕು, ಅಷ್ಟೇ ಅವನ ಅಭಿಪ್ರಾಯ ಇದ್ದೀತು.

ಹೊಸ ಪ್ಲಗ್ಗು ಹಾಕಿ ಇನ್ನೊಮ್ಮೆ ಹತ್ತುತ್ತೇನೆ. ಕೀಲಿ ಕೊಡುವುದಿಲ್ಲ.

ರುದ್ರವ್ವ


(ಕಾರ್ಡು)
ಹುಬ್ಬಳ್ಳಿ, ತಾ. ೧೮ ಅಕ್ಟೋಬರ್ ೧೯೩೮

ಅವ್ವಾ, ಶರಣು. ನಿನ್ನ ಪ್ಲಗ್ಗಿನ ಪುರಾಣ ಓದಿದೆ. ಕಾರಣ ಏನೇ ಇರಲಿ, ಮೋಟಾರು ಹತ್ತಲಿಲ್ಲ. ಕಾಕಾನಿಗೆ ಕೀಲಿ ಕೊಡು. ಗೌರಮ್ಮನ ಹುಣ್ಣಿಮೆಯ ಹೊತ್ತಿಗೆ ನಾನೇ ಬಂದು ನಿನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಬರುತ್ತೇನೆ. ಸಾಮಾನು ಕಟ್ಟಿಡು. ರಾಮಲಿಂಗಪ್ಪ.


ಭವಾನಿ ಪೇಠ, ಪುಣೆ
ತಾ. ೪ ನವೆಂಬರ್ ೧೯೩೮

ರಾಮಲಿಂಗಾ,

ಸಾಮಾನು ಕಟ್ಟಿಲ್ಲ. ಹುಣ್ಣಿಮೆಗೆ ನೀನು ಬರುವ ಕಾರಣವೂ ಇಲ್ಲ. ಬಂದರೆ ಅತಿಥಿಯಾಗಿ ಬಾ, ಗುಡ್ಸ್ ಗಾಡಿಗೆ ಮಾಲು ಹೇರಲು ಬಂದವನಂತೆ ಬರಬೇಡ.

ದೀಪಾವಳಿಯ ಹಿಂದೆ ಮುಂದೆ ನಾನು ಪ್ಲಗ್ಗು ಹುಡುಕುವುದರಲ್ಲೇ ಇದ್ದೆ. ದಂಡಿನ ಪೇಟೆ ಲಷ್ಕರಿನಲ್ಲಿ ದೇವದಾಸ್ ಎಂಬವರ ಮೋಟಾರು ಸಾಮಾನಿನ ಅಂಗಡಿ ಇದೆ. ಮಂಗಳೂರ ಕಡೆಯವರು, ಪುಸ್ತಕ ಓದಿದ ಹಾಗೆ ಕನ್ನಡ ಮಾತಾಡುತ್ತಾರೆ. ನನ್ನನ್ನು ನೋಡಿ ಮೊದಲು, ‘ಯಜಮಾನರನ್ನು ಕಳುಹಿಸಿಕೊಡಿ ಅಮ್ಮಾ’ ಅಂದರು. ಯಜಮಾನರು ಇಲ್ಲ, ಯಜಮಾನಿ ಬಂದಿದ್ದಾಳೆ ಅಂದೆ. ಪಾಪ, ಕುರ್ಚಿ ಹಾಕಿಸಿದರು.

ಅವರು ಎತ್ತರದ ಕಪಾಟಿನಿಂದ ಒಂದು ಡಬ್ಬಿ ತೆಗೆದರು. ‘ಇದು ಹೊಸ ಮಾದರಿ. ಖಡಕಿಯ ಸಾಹೇಬರುಗಳೆಲ್ಲ ಇದನ್ನೇ ಹಾಕಿಸುವುದು’ ಅಂದರು. ನಾನೂ ಮರುಳಾಗಿ ತಂದು ಹಾಕಿದೆ. ಮೋಟಾರು ಮೊದಲ ದಿನ ಹುಡುಗಿಯ ಹಾಗೆ ಓಡಿತು. ಎರಡು ಸಲ ಖಡಕಿಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಕೆಮ್ಮು. ಬಿಚ್ಚಿ ನೋಡಿದರೆ ನಾಲ್ಕೂ ಕರ್ರಗೆ, ಎಣ್ಣೆಯಿಂದ ಒದ್ದೆ.

ಆಗ ಕೂತು ವಿಚಾರ ಮಾಡಿದೆ. ನಮ್ಮ ಮೋಟಾರು ಮುದಿಯಾಗಿದೆ, ಒಳಗೆ ಎಣ್ಣೆ ಸೋರಿ ಪ್ಲಗ್ಗಿನ ತುದಿಗೆ ಬರುತ್ತದೆ. ಹೊಸ ಮಾದರಿಯ ಪ್ಲಗ್ಗು ಬೇಗ ಆರುವ ಜಾತಿಯದು, ಅದರ ಪಿಂಗಾಣಿಯ ಮೂಗು ಗಿಡ್ಡ. ಜೋರಾಗಿ ಓಡುವ ಸಾಹೇಬರ ಮೋಟಾರಿಗೆ ಅದು ಸರಿ, ಅಲ್ಲಿ ಉದ್ದ ಮೂಗಿನದು ಹಾಕಿದರೆ ಕೆಂಡವಾಗಿ ಬಿಡುತ್ತದೆ. ನಮ್ಮದರಲ್ಲಿ ಅದು ಕಾಯುವುದೇ ಇಲ್ಲ, ಬಂದ ಎಣ್ಣೆ ಸುಡದೆ ಅಂಟಿಕೊಂಡು ಕೂರುತ್ತದೆ. ಹೆಂಚು ಕಾಯದಿದ್ದರೆ ರೊಟ್ಟಿ ಹತ್ತಿಕೊಳ್ಳುತ್ತದಲ್ಲ, ಹಾಗೆ. ನಮಗೆ ಬೇಕಾದದ್ದು ಉದ್ದ ಮೂಗಿನ, ಶಾಖ ಹಿಡಿದಿಟ್ಟುಕೊಳ್ಳುವ ಪ್ಲಗ್ಗು.

ಮತ್ತೆ ಲಷ್ಕರಿಗೆ ಹೋಗಿ ಇದನ್ನೇ ಹೇಳಿದೆ. ದೇವದಾಸ್ ಒಪ್ಪಲಿಲ್ಲ. ಘಾಟಿಯಲ್ಲಿ ಇಂಜಿನ್ ಕಾಯುತ್ತದೆ, ಬಿಸಿ ಪ್ಲಗ್ಗು ಹಾಕಿದರೆ ಅಲ್ಲೇ ಸುಟ್ಟುಹೋದೀತು ಎಂದು ವಾದಿಸಿದರು. ಅವರ ಮಾತು ತೀರ ಸುಳ್ಳಲ್ಲ, ಅದು ನನಗೂ ಗೊತ್ತು. ಸುಟ್ಟರೆ ತುದಿ ಬೆಳ್ಳಗಾಗಿ ಗುಳ್ಳೆ ಏಳುತ್ತದೆ, ಆಗ ನಿಮ್ಮ ಮಾತು ಕೇಳುತ್ತೇನೆ, ಎಣ್ಣೆ ಹಿಡಿದದ್ದನ್ನಂತೂ ಕಣ್ಣಾರೆ ನೋಡಿದ್ದೇನೆ ಅಂದೆ. ಕೊನೆಗೆ ಅವರು ಹಿಂದಿನ ಸಾಲಿನಿಂದ ಧೂಳು ಹಿಡಿದ ಹಳೇ ಮಾದರಿಯ ನಾಲ್ಕು ಪ್ಲಗ್ಗು ಹುಡುಕಿ ಕೊಟ್ಟರು. ತಿರುಪಿನ ಸುತ್ತು, ಉದ್ದ, ಎರಡನ್ನೂ ನಮ್ಮ ಸೀಳಿದ ಪ್ಲಗ್ಗಿನ ಪಕ್ಕ ಹಿಡಿದು ನೋಡಿಯೇ ತಂದೆ.

ಹಾಕಿದವಳೂ ನಾನೇ. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು. ಮಗ ಮಾಡಲಿಲ್ಲವಾದ್ದರಿಂದ ಮಧ್ಯಮಕ್ಕೂ ಅವಕಾಶವಿರಲಿಲ್ಲ. ಇಂಜಿನ್ ತಣ್ಣಗಾದ ಮೇಲೆ ಸುತ್ತಲಿನ ಧೂಳು ಊದಿ, ಒಂದು ಬಿಚ್ಚಿ ಒಂದು ಹಾಕಿದೆ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ತಂತಿ ಅದಲು ಬದಲಾಗುತ್ತವೆ. ಕೆಳಗೆ ತಾಮ್ರದ ಬಳೆ ಇಟ್ಟು, ಮೊದಲು ಬೆರಳಿನಿಂದಲೇ ಪೂರ್ತಿ ತಿರುಗಿಸಿ, ಆಮೇಲೆ ಪಾನಾ ಹಾಕಿ ಸ್ವಲ್ಪ ಬಿಗಿದೆ. ತುದಿಯ ಸಂದು ಎಷ್ಟಿರಬೇಕೆಂದು ಅಳೆಯಲು ಏನೂ ಸಿಗಲಿಲ್ಲ. ನಿಮ್ಮಪ್ಪ ಅಂಚೆಯ ಕಾರ್ಡನ್ನು ಎರಡು ಪದರ ಮಡಿಸಿ ತೂರಿಸುತ್ತಿದ್ದರು. ನಿನ್ನ ಕಾರ್ಡು ಕೈಯ ಹತ್ತಿರವೇ ಇತ್ತು, ಮಡಿಸಿ ತೂರಿಸಿದೆ, ಸರಿಯಾಗಿ ಕೂತಿತು. ‘ಸಾಮಾನು ಕಟ್ಟಿಡು’ ಎಂಬ ಮಾತು ಕೊನೆಗೂ ಒಂದು ಕೆಲಸಕ್ಕೆ ಬಂತು.

ಅಂದಿನಿಂದ ಮೋಟಾರು ಕೆಮ್ಮಿಲ್ಲ. ನಿನ್ನ ಕಾಕಾನಿಗೂ ಪತ್ರ ಹಾಕಿದ್ದೇನೆ. ಇನ್ನೊಮ್ಮೆ ಬಾ, ಹಿಂದೆ ಕೂಡು, ಈ ಸಲ ಹತ್ತದಿದ್ದರೆ ಕೀಲಿಯನ್ನು ಸುರಂಗದ ಕೆಳಗೇ ನಿನ್ನ ಕೈಗೆ ಕೊಡುತ್ತೇನೆ ಎಂದು ಬರೆದಿದ್ದೇನೆ. ಹೆದರಿದರೆ ಬರಬೇಡ ಎಂದೂ ಬರೆದಿದ್ದೇನೆ, ಆದ್ದರಿಂದ ಬಂದೇ ಬರುತ್ತಾನೆ.

ರುದ್ರವ್ವ


ಹುಬ್ಬಳ್ಳಿ
ತಾ. ೧೧ ನವೆಂಬರ್ ೧೯೩೮

ಅವ್ವನಿಗೆ,

ಕಾಕಾ ನಿನ್ನ ಪತ್ರವನ್ನು ನನಗೆ ಕಳಿಸಿದ್ದಾರೆ. ನಿನ್ನ ಹಟ ನೋಡಿ ಅವರಿಗೆ ನಗು ಬಂದಿದೆ, ನನಗೆ ಬಂದಿಲ್ಲ. ಒಂದು ಸಲ ಮಾನ ಹೋದದ್ದು ಸಾಲದೆಂದು ಎರಡನೆಯ ಸಲ ಹೊರಟಿದ್ದೀ. ನೀನು ಗೆದ್ದರೆ ನನ್ನ ಪಾಲಿಗೆ ಇನ್ನೂ ಕೆಟ್ಟದ್ದು. ಸೋತರೆ ಒಂದು ದಿನ ನಗುತ್ತಾರೆ, ಗೆದ್ದರೆ ನೀನು ಸಾಯುವ ತನಕ ಆ ಮೋಟಾರು ಬಿಟ್ಟು ಇಳಿಯುವುದಿಲ್ಲ, ಜನ ನಾನು ಸಾಯುವ ತನಕ ಆಡಿಕೊಳ್ಳುತ್ತಾರೆ.

ಅಪ್ಪನ ಹೆಸರಿಗೆ ಒಂದು ಮರ್ಯಾದೆ ಇದೆ. ಅದನ್ನು ಕಾಯುವವನು ನಾನೊಬ್ಬನೇ ಉಳಿದಿದ್ದೇನೆ. ಸ್ಪಷ್ಟವಾಗಿ ಹೇಳುತ್ತೇನೆ. ನೀನು ಮತ್ತೆ ಆ ಘಾಟಿಗೆ ಹೋದರೆ ಹುಬ್ಬಳ್ಳಿಯ ಈ ಮನೆಯ ಬಾಗಿಲು ನಿನಗೆ ತೆರೆಯುವುದಿಲ್ಲ. ಮಗನೂ ಇಲ್ಲವೆಂದು ತಿಳಿದುಕೋ. ಇದನ್ನು ಬರೆಯಲು ನನಗೆ ಕಷ್ಟವಾಗಿದೆ. ಆದರೂ ಬರೆದಿದ್ದೇನೆ.

ರಾಮಲಿಂಗಪ್ಪ


ಬೆಳಗಾವಿ, ಶಿವಪುತ್ರಪ್ಪನ ಮನೆ
ತಾ. ೨೬ ನವೆಂಬರ್ ೧೯೩೮

ಚಿರಂಜೀವಿ ರಾಮಲಿಂಗನಿಗೆ ಅವ್ವನ ಆಶೀರ್ವಾದ. ಮಗನಿಲ್ಲವೆಂದು ತಿಳಿದುಕೊಳ್ಳಲು ನೀನು ಹೇಳಿದೆ. ನಾನು ತಿಳಿದುಕೊಳ್ಳಲಿಲ್ಲ. ಆಶೀರ್ವಾದ ಮಾಡುವುದು ನನ್ನ ಕೆಲಸ, ತೆಗೆದುಕೊಳ್ಳುವುದು ಬಿಡುವುದು ನಿನಗೆ ಬಿಟ್ಟದ್ದು.

ಮೇಲೆ ಬೆಳಗಾವಿ ಎಂದು ನೋಡಿ ಗಾಬರಿಯಾಗಬೇಡ. ಮೋಟಾರು ಕೊಡಲು ಬಂದಿಲ್ಲ, ಮೋಟಾರಿನಲ್ಲಿ ಬಂದಿದ್ದೇನೆ. ಈಗ ಅದು ನಿನ್ನ ಕಾಕಾನ ಅಂಗಳದಲ್ಲಿ ನಿಂತಿದೆ. ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ಬಂದು ನೋಡಿ ಹೋಗುತ್ತಿದ್ದಾರೆ. ಒಬ್ಬಿಬ್ಬರು ಒಳಗೆ ಕೂತೂ ನೋಡಿದರು.

ಬುಧವಾರ ಮುಂಜಾನೆ ಹೊರಟೆವು. ಭವಾನಿ ಪೇಠದ ಕಟ್ಟೆಗಳ ಮೇಲೆಲ್ಲ ಜನ, ಯಾರೋ ಎತ್ತು ತರಲೇನು ಎಂದೂ ಕೂಗಿದರು. ನಿನ್ನ ಕಾಕಾ ಹೊಸ ರುಮಾಲು ಸುತ್ತಿಕೊಂಡು ಹಿಂದೆ ಕೂತಿದ್ದ. ಕಾತ್ರಜ ಕೆರೆ ದಾಟಿತು, ಹಿಂದಿನ ಸಲ ನಿಂತ ಜಾಗವೂ ದಾಟಿತು. ಅರ್ಧ ಘಾಟಿಯಲ್ಲಿ ಒಂದು ತಿರುವಿನಲ್ಲಿ ಹುಲ್ಲಿನ ಗಾಡಿ ಅಡ್ಡ ನಿಂತಿತ್ತು. ಏರಿನಲ್ಲಿ ನಿಲ್ಲಿಸಬೇಕಾಯಿತು. ಹೆದರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನಿಂತ ಮೋಟಾರನ್ನು ಏರಿನಲ್ಲಿ ಮತ್ತೆ ಎತ್ತುವುದೇ ನಿಜವಾದ ಪರೀಕ್ಷೆ. ಒಂದು ಪ್ಲಗ್ಗು ತಪ್ಪಿದರೂ ಹಿಂದಕ್ಕೆ ಜಾರುತ್ತದೆ. ಗಾಡಿ ಸರಿದ ಕೂಡಲೇ ಬ್ರೇಕು ಸಡಿಲಿಸಿದೆ. ನಾಲ್ಕೂ ಒಂದೇ ಸಮ ಹೊಡೆದವು. ಮೋಟಾರು ಜಾರಲಿಲ್ಲ, ಮೇಲಕ್ಕೇ ಹತ್ತಿತು.

ಸುರಂಗದ ಬಾಯಿಗೆ ಮುಟ್ಟಿದಾಗ ರೇಡಿಯೇಟರಿನಿಂದ ಹೊಗೆಯಂತೆ ಆವಿ ಬರುತ್ತಿತ್ತು. ನೀರು ಹಾಕಿ, ಆರುವ ತನಕ ಕಾದು, ಒಂದು ಪ್ಲಗ್ಗು ಬಿಚ್ಚಿ ತುದಿ ನೋಡಿದೆ. ಕಂದು ಬಣ್ಣ, ಒಣಗಿತ್ತು, ಗುಳ್ಳೆಯೂ ಎದ್ದಿರಲಿಲ್ಲ. ನಿನ್ನ ಕಾಕಾ ಕೆಳಗಿಳಿದು ಕಣಿವೆ ನೋಡುತ್ತ ನಿಂತಿದ್ದ.

‘ಆತಲ್ರಿ ವೈನಿ. ಗೆದ್ರಿ. ಇನ್ನ ತಿರುಗಸ್ರಿ, ಮನಿಗೆ ಹೋಗೂಣು’ ಎಂದ.

‘ತಿರುಗಸೂದಿಲ್ಲ. ಕೂಡು, ನಿನ್ನ ಮನಿಗೇ ಬಿಡ್ತೀನಿ’ ಎಂದೆ.

ಅವನು ನನ್ನ ಮುಖ ನೋಡಿ ಹತ್ತಿ ಕೂತ. ಸಾತಾರೆಯ ತನಕ ಮುಂದಿನ ಸೀಟಿನ ಬೆನ್ನು ಹಿಡಿದೇ ಕೂತಿದ್ದ. ಕರಾಡದಲ್ಲಿ ಚಹಾ ಕುಡಿಸಿದ. ಕೊಲ್ಲಾಪುರ ದಾಟಿದ ಮೇಲೆ ಮುಂದಿನ ಸೀಟಿಗೆ ಬಂದು ಕೂತು, ಎದುರಿನಿಂದ ಬರುವ ಬಸ್ಸುಗಳಿಗೆ ಕೈ ಬೀಸತೊಡಗಿದ. ತನ್ನ ಮನೆಯ ಬಾಗಿಲಲ್ಲಿ ಇಳಿದು ಎಲ್ಲರಿಗೂ ಕೇಳುವಂತೆ, ‘ನಮ್ಮ ವೈನಿ ಪುಣೆಯಿಂದ ಕರಕೊಂಡು ಬಂದಾರ’ ಎಂದ. ಕೀಲಿಯ ಮಾತು ಎತ್ತಲಿಲ್ಲ. ಅವನು ಮಾತಿಗೆ ನಿಲ್ಲುವವನು. ಅಷ್ಟರ ಮಟ್ಟಿಗೆ ನಿಮ್ಮಪ್ಪನ ತಮ್ಮ.

ಈಗ ನಿನ್ನ ಅಪ್ಪನ ಮರ್ಯಾದೆಯ ಮಾತು. ಇದನ್ನು ಯಾರಿಗೂ ಹೇಳಬಾರದೆಂದು ಅವರು ನನ್ನಿಂದ ಆಣೆ ತೆಗೆದುಕೊಂಡಿದ್ದರು. ಅವರ ಹೆಸರು ಹಿಡಿದು ನೀನು ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದೀ, ಆದ್ದರಿಂದ ಮುರಿಯುತ್ತೇನೆ. ಪಾಪ ಬಂದರೆ ನನಗೇ ಬರಲಿ.

ನಿಮ್ಮಪ್ಪನಿಗೆ ಕೊನೆಯ ಮೂರು ವರ್ಷ ಕಣ್ಣು ಕಾಣುತ್ತಿರಲಿಲ್ಲ. ಮೊದಲು ಬದಿಯ ನೋಟ ಹೋಯಿತು, ಆಮೇಲೆ ಎದುರಿನದೂ ಮಬ್ಬಾಯಿತು. ಮುಂಬಯಿಯ ಡಾಕ್ಟರರೂ ಕೈ ಚೆಲ್ಲಿದರು. ಕರಿ ಕನ್ನಡಕ ಹಾಕಿದ್ದು ಷೋಕಿಗಲ್ಲ. ಮೋಟಾರು ನಡೆಸಲಾರೆನೆಂದು ಗೊತ್ತಾದ ದಿನ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಎಬ್ಬಿಸಿ, ಖಡಕಿಗೆ ಹೋಗೋಣ ನಡೀರಿ ಎಂದು ಹಟ ಹಿಡಿದವಳು ನಾನು, ಕಲಿಸಿರಿ ಎಂದವಳೂ ನಾನೇ. ಅಂದಿನಿಂದ ಅವರು ಸಾಯುವ ತನಕ ಆ ಮೋಟಾರನ್ನು ನಡೆಸಿದವಳು ನಾನು. ಜನ ಇರುವ ಕಡೆ ಮಾತ್ರ ಜಾಗ ಅದಲು ಬದಲು ಮಾಡಿಕೊಳ್ಳುತ್ತಿದ್ದೆವು.

ನಿನ್ನ ಮದುವೆಗೆ ಪುಣೆಯಿಂದ ಹುಬ್ಬಳ್ಳಿಯ ತನಕ ನಾನೇ ನಡೆಸಿಕೊಂಡು ಬಂದೆ. ಉಣಕಲ್ ಕೆರೆಯ ಏರಿಯ ಮೇಲೆ, ಯಾರೂ ಇಲ್ಲದ್ದು ನೋಡಿ ನಿಲ್ಲಿಸಿದೆ. ಅವರು ಈ ಕಡೆ ಬಂದು ಕೂತರು, ನಾನು ಆ ಕಡೆ ಹೋಗಿ ಸೆರಗು ಹೊದ್ದು ಕೂತೆ. ಅಲ್ಲಿಂದ ಹಂದರದ ತನಕ, ‘ಎಡಕ್ಕ ತಗೋರಿ, ಸಾವಕಾಶ, ಮುಂದ ಗಾಡಿ ಅದ, ಈಗ ನೆಟ್ಟಗ’ ಎಂದು ತುಟಿ ಅಲ್ಲಾಡಿಸದೆ ಹೇಳುತ್ತ ಬಂದೆ. ನನ್ನ ಜೀವ ಕೈಯಲ್ಲಿತ್ತು. ನೀನು ಬಾಸಿಂಗ ಕಟ್ಟಿಕೊಂಡು ನಿಂತವನು ನಿನ್ನ ಮಾವನಿಗೆ, ‘ನಮ್ಮಪ್ಪನ ಕೈ ನೋಡ್ರಿ, ನೀರಿನ್ಯಾಗ ದೋಣಿ ಬಿಟ್ಟಂಗ ತಂದಾರ’ ಎಂದೆ. ಅದನ್ನು ಕೇಳಿ ಅವರ ಮುಖ ಎಷ್ಟು ಅರಳಿತೆಂದರೆ, ನಾನು ಅಲ್ಲೇ ಅತ್ತುಬಿಟ್ಟೆ. ಮಗನ ಮದುವೆ, ತಾಯಿ ಅಳುತ್ತಾಳೆ ಎಂದು ಎಲ್ಲರೂ ಅಂದುಕೊಂಡರು.

ಅಂದು ಜಾಗ ಬಿಟ್ಟುಕೊಟ್ಟದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ. ಅದು ಅವರಿಗಾಗಿ, ಪ್ರೀತಿಯಿಂದ ಬಿಟ್ಟದ್ದು. ನಿನ್ನ ಹೆಡ್ ಕ್ಲರ್ಕಿಗಾಗಿ ಬಿಡುವುದಿಲ್ಲ. ನಿನಗಾಗಿಯೂ ಬಿಡುವುದಿಲ್ಲ.

ಮಂಗಳವಾರ ಇಲ್ಲಿಂದ ಹೊರಟು ಉಣಕಲ್ ಕೆರೆ ದಾಟುತ್ತೇನೆ. ಈ ಸಲ ಏರಿಯ ಮೇಲೆ ನಿಲ್ಲಿಸುವುದಿಲ್ಲ. ನಿನ್ನ ಮನೆಯ ಬಾಗಿಲು ಮುಚ್ಚಿರುತ್ತದೆ ಎಂದೆಯಲ್ಲ, ಅಲ್ಲಿಗೆ ಬರುವುದೂ ಇಲ್ಲ. ನೇರವಾಗಿ ನಿನ್ನ ಕಚೇರಿಗೆ ಬರುತ್ತೇನೆ, ನೀವೆಲ್ಲ ಕೆಲಸ ಬಿಟ್ಟು ಹೊರಬರುವ ಹೊತ್ತಿಗೆ. ಎಲ್ಲರೆದುರು ಅವ್ವಾ ಎಂದು ಕರೆದರೆ ನನ್ನ ಪಕ್ಕದಲ್ಲಿ ಜಾಗವಿದೆ, ಬಂದು ಕೂತುಕೋ. ಕರೆಯದಿದ್ದರೆ ಬದಿಗೆ ಸರಿದು ನಿಲ್ಲು, ನಾನು ಮೋಟಾರು ತಿರುಗಿಸಬೇಕಾಗುತ್ತದೆ.

ಇಂತಿ,
ನಿನ್ನ ಅವ್ವ
ರುದ್ರವ್ವ